ಮಗಳಿಗೆ ದರ್ಬಾರು ಜಾಸ್ತಿ, ಮಗನಿಗೆ ‘ಬೇಡ’ ಅನ್ನೋಕೆ ಬರಲ್ಲ: ಇಬ್ಬರನ್ನೂ ಹೇಗೆ ಬೆಳೆಸಲಿ?

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ, ಮೂರನೇ ತರಗತಿ. ಈ ವರ್ಷ ಅವಳನ್ನು ಕ್ಲಾಸ್ ಲೀಡರ್ ಮಾಡಿದ್ದಾರೆ. ಟೀಚರ್ ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡ್ ಮೇಲೆ ಬರೆಯುವುದು ಅವಳ ಕೆಲಸ. ಮೊದಲು ನಮಗೆಲ್ಲ ಹೆಮ್ಮೆ ಆಯಿತು. ಈಗ ನೋಡಿದರೆ ಯಾರೂ ಅವಳನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿಲ್ಲ. ಹತ್ತಿರದ ಗೆಳತಿಯ ಹೆಸರನ್ನೂ ಬರೆದಳಂತೆ, ಆ ಹುಡುಗಿ ಮಾತು ಬಿಟ್ಟಿದ್ದಾಳೆ. ಮನೆಯಲ್ಲಿ ಅಣ್ಣನ ಮೇಲೂ ದರ್ಬಾರು ನಡೆಸುತ್ತಾಳೆ. ಅಣ್ಣನಿಗೆ 10 ವರ್ಷ. ಅವನು ಇವಳಿಗೆ ತದ್ವಿರುದ್ಧ. ಯಾರು ಏನು ಕೇಳಿದರೂ ಕೊಟ್ಟುಬಿಡುತ್ತಾನೆ, ಆಮೇಲೆ ಒಬ್ಬನೇ ಕೂತು ಬೇಜಾರು ಮಾಡಿಕೊಳ್ಳುತ್ತಾನೆ. ಒಳ್ಳೆಯ ಕೆಲಸ ಮಾಡಿದರೆ ಒಂದು ಸ್ಟಾರ್, 10 ಸ್ಟಾರ್ ಆದರೆ ಒಂದು ಗಿಫ್ಟ್ ಅಂತ ಗೋಡೆ ಮೇಲೆ ಚಾರ್ಟ್ ಹಾಕಿದ್ದೇನೆ. ಮಗಳಿಗೆ ದಯೆ ಕಲಿಸಲು ಹೋದರೆ ಅವಳ ನಾಯಕತ್ವ ಹೊರಟುಹೋಗುತ್ತಾ? ಮಗನಿಗೆ ಗಟ್ಟಿಯಾಗಿರು ಅಂದರೆ ಅವನ ಒಳ್ಳೆಯತನ ಹಾಳಾಗುತ್ತಾ?

ಉತ್ತರ: ಎರಡಕ್ಕೂ ‘ಇಲ್ಲ’ ಎಂದೇ ಉತ್ತರ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಒಂದು ಸಿಗಬೇಕಾದರೆ ಇನ್ನೊಂದನ್ನು ಬಿಡಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಪ್ರಾಥಮಿಕ ಶಾಲೆಯ ಮಕ್ಕಳ ಜೊತೆ ಬಹಳ ಕಾಲ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸಿರುವುದೇ ಬೇರೆ. ಈ ವಯಸ್ಸಿನಲ್ಲಿ ನಾಯಕತ್ವ, ದಯೆ ಎರಡೂ ಒಂದೇ ಅಭ್ಯಾಸದಿಂದ ಹುಟ್ಟುತ್ತವೆ. ಪಕ್ಕದವರಿಗೆ ಏನು ಬೇಕಾಗಿದೆ ಅಂತ ಗಮನಿಸುವುದು, ಗಮನಿಸಿದ ಮೇಲೆ ಸುಮ್ನೆ ಕೂರದೆ ಏನಾದರೂ ಮಾಡುವುದು. ನಿಮ್ಮ ಮಗಳಿಗೆ ಎರಡನೆಯದು ಚೆನ್ನಾಗಿ ಬರುತ್ತೆ. ಮಗನಿಗೆ ಮೊದಲನೆಯದು ಬರುತ್ತೆ. ಇಬ್ಬರಿಗೂ ಉಳಿದ ಅರ್ಧ ಕಲಿಯಬೇಕಾಗಿದೆ, ಅಷ್ಟೇ.

ಮೊದಲು ಮಗಳ ವಿಷಯ ನೋಡೋಣ. ಅವಳ ಸ್ವಭಾವಕ್ಕಿಂತ ಅವಳಿಗೆ ಕೊಟ್ಟಿರುವ ಕೆಲಸದ ಬಗ್ಗೆ ನನಗೆ ಚಿಂತೆ ಜಾಸ್ತಿ. ಹೆಸರು ಬರೆಯುವ ಕೆಲಸದಲ್ಲಿ ಒಂದು ಮಗು ದಿನವಿಡೀ ಏನು ಅಭ್ಯಾಸ ಮಾಡುತ್ತೆ, ಯೋಚಿಸಿ. ಯಾರು ತಪ್ಪು ಮಾಡುತ್ತಾರೆ ಅಂತ ಕಾಯುತ್ತೆ. ತಪ್ಪು ಸಿಕ್ಕ ಕೂಡಲೇ ಎಲ್ಲರ ಮುಂದೆ ಬರೆಯುತ್ತೆ. ಆಮೇಲೆ ಶಿಕ್ಷೆ ಕೊಡುವವರಿಗೆ ಒಪ್ಪಿಸುತ್ತೆ. ಇದು ಕಾವಲುಗಾರರ ಕೆಲಸ. ಅದನ್ನು ಶ್ರದ್ಧೆಯಿಂದ ಮಾಡಿದಷ್ಟೂ ಮಗುವಿಗೆ ಗೆಳೆಯರು ಕಡಿಮೆಯಾಗುತ್ತಾರೆ. ನಿಮ್ಮ ಮಗಳು ಗೆಳತಿಯ ಹೆಸರನ್ನೂ ಬರೆದಳು ಅಂದಿರಿ. ಅದರಲ್ಲಿ ಕಲ್ಲು ಮನಸ್ಸನ್ನು ಹುಡುಕಬೇಡಿ. ಗೆಳತಿ ಅಂತ ಬಿಟ್ಟುಬಿಟ್ಟಿದ್ದರೆ ಅದು ಮೋಸ ಅಂತ ಅವಳಿಗೆ ಅನ್ನಿಸಿರುತ್ತೆ. ಮಕ್ಕಳು ಗೋಲಿ ಆಡುವುದನ್ನು ನೋಡುತ್ತಾ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ನಿಯಮಗಳ ಬಗ್ಗೆ ಅವರನ್ನು ಕೇಳಿದ್ದರು. 1932ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಅವರು ಹೇಳಿದ್ದು ಇದು: ಶಾಲೆಯ ಮೊದಲ ವರ್ಷಗಳಲ್ಲಿ ಮಕ್ಕಳಿಗೆ ನಿಯಮ ಅಂದರೆ ದೊಡ್ಡವರು ಮಾಡಿಟ್ಟದ್ದು, ಮುಟ್ಟಬಾರದ್ದು. ಸುಮಾರು 10 ವರ್ಷದ ಹೊತ್ತಿಗೆ, ನಿಯಮ ಎನ್ನುವುದು ನಾವು ನಾವೇ ಒಪ್ಪಿಕೊಂಡದ್ದು, ಎಲ್ಲರೂ ಸೇರಿದರೆ ಬದಲಿಸಬಹುದು ಅನ್ನುವುದು ಮೆಲ್ಲಗೆ ಹೊಳೆಯುತ್ತದೆ. ನಿಮ್ಮ 8 ವರ್ಷದ ಮಗಳು ಈ ದಾರಿಯ ನಡುವೆ ನಿಂತಿದ್ದಾಳೆ. ಅಂಥ ಮಗುವಿನ ಕೈಗೆ ಚಾಕ್‌ಪೀಸ್ ಕೊಟ್ಟು ನಿಯಮ ಕಾಯಿ ಅಂದರೆ ಅದು ಅಕ್ಷರಶಃ ಕಾಯುತ್ತೆ.

ಮಕ್ಕಳ ಗುಂಪನ್ನು ಯಾರು ಹೇಗೆ ನಡೆಸಿದರೆ ಏನಾಗುತ್ತೆ ಅನ್ನುವುದಕ್ಕೆ ಒಂದು ಹಳೆಯ ಅಧ್ಯಯನ ಇದೆ. ಇವತ್ತಿಗೂ ಪಾಲಕರಿಗೂ ಶಿಕ್ಷಕರಿಗೂ ನಾನು ಅದನ್ನೇ ಹೇಳುತ್ತೇನೆ. ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 10 ವರ್ಷದ ಆಸುಪಾಸಿನ ಹುಡುಗರ ಪುಟ್ಟ ಕ್ಲಬ್‌ಗಳನ್ನು ಕಟ್ಟಿದರು. ಹುಡುಗರು ಅಲ್ಲಿ ಮುಖವಾಡ ಮಾಡುವಂಥ ಕೈಕೆಲಸ ಮಾಡುತ್ತಿದ್ದರು. ಪ್ರತಿ ಕ್ಲಬ್‌ಗೂ ಒಬ್ಬ ದೊಡ್ಡವರು ನಾಯಕರು. ಒಂದು ಬಗೆಯ ನಾಯಕರು ಎಲ್ಲವನ್ನೂ ತಾವೇ ತೀರ್ಮಾನಿಸಿ ಅಪ್ಪಣೆ ಕೊಡುತ್ತಿದ್ದರು. ಇನ್ನೊಂದು ಬಗೆಯವರು ಹುಡುಗರ ಜೊತೆ ಮಾತಾಡಿ, ಆಯ್ಕೆ ಕೊಟ್ಟು ಕೆಲಸ ಮಾಡಿಸುತ್ತಿದ್ದರು. ಮೂರನೆಯವರು ಏನು ಬೇಕಾದರೂ ಮಾಡಿಕೊಳ್ಳಿ ಅಂತ ಬಿಟ್ಟುಬಿಡುತ್ತಿದ್ದರು. 1939ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು. ಅಪ್ಪಣೆ ಕೊಡುವವರು ಎದುರಿಗಿದ್ದಾಗ ಕೆಲಸವೇನೋ ಭರ್ಜರಿಯಾಗಿ ನಡೆಯುತ್ತಿತ್ತು. ಅವರು ಕೋಣೆಯಿಂದ ಆಚೆ ಹೋದ ಕೂಡಲೇ ಹುಡುಗರು ಕೆಲಸ ಬಿಡುತ್ತಿದ್ದರು. ಅಂಥ ಗುಂಪುಗಳಲ್ಲಿ ಎಲ್ಲರೂ ಸೇರಿ ಒಬ್ಬ ಹುಡುಗನ ಮೇಲೆ ಮುಗಿಬೀಳುವುದೂ ಕಂಡಿತು. ಮಾತಾಡಿ ಕೆಲಸ ಮಾಡಿಸುವವರ ಗುಂಪಿನಲ್ಲಿ ನಾಯಕರು ಆಚೆ ಹೋದರೂ ಕೆಲಸ ಹೆಚ್ಚುಕಮ್ಮಿ ಹಾಗೇ ಸಾಗುತ್ತಿತ್ತು. ಪೂರ್ತಿ ಬಿಟ್ಟುಬಿಟ್ಟ ಗುಂಪಿನಲ್ಲಿ ಕೆಲಸವೂ ಸರಿಯಾಗಿ ಆಗಲಿಲ್ಲ, ಹುಡುಗರಿಗೆ ಖುಷಿಯೂ ಸಿಗಲಿಲ್ಲ.

ಆ ಮೂರನೇ ಗುಂಪನ್ನು ಮರೆಯಬೇಡಿ. ದರ್ಬಾರು ಬೇಡ ಅಂದಾಕ್ಷಣ ಮಗಳನ್ನು ತೆಪ್ಪಗೆ ಕೂರಿಸುವುದು ಅಂತ ಅರ್ಥವಲ್ಲ. ಅವಳಿಗೆ ಮುಂದೆ ನಿಲ್ಲುವ ಧೈರ್ಯ ಇದೆ. ಅದು ಎಲ್ಲರಿಗೂ ಬರುವಂಥದ್ದಲ್ಲ. ಆ ಧೈರ್ಯಕ್ಕೆ ಬೇರೆ ಕೆಲಸ ಹುಡುಕಿಕೊಡಬೇಕು.

ಎಂಥ ಕೆಲಸ? ಒಂದು ತರಗತಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಐದು ಮಕ್ಕಳು ನೆಲದ ಮೇಲೆ ಚಾರ್ಟ್ ಹರಡಿಕೊಂಡು ಕೆರೆಯ ಚಿತ್ರ ಬರೆಯುತ್ತಿದ್ದರು. ಬರೆಯುತ್ತಿದ್ದರು ಅನ್ನುವುದಕ್ಕಿಂತ ಒಬ್ಬಳು ಬರೆಯುತ್ತಿದ್ದಳು, ನಾಲ್ವರು ನೋಡುತ್ತಿದ್ದರು. ಮಾರ್ಕರ್‌ಗಳೆಲ್ಲ ಅವಳ ಮಡಿಲಲ್ಲಿ. ಯಾರಾದರೂ ಕೈ ಚಾಚಿದರೆ ‘ನೀನು ಗಲೀಜು ಮಾಡ್ತೀಯಾ’ ಅನ್ನುತ್ತಿದ್ದಳು. ಟೀಚರ್ ಬಂದರು, ಬೈಯಲಿಲ್ಲ. ಅವಳ ಪಕ್ಕ ಕೂತು, ‘ಇವತ್ತು ನೀನೇ ಲೀಡರ್. ಆದರೆ ಲೀಡರ್ ಕೈಯಲ್ಲಿ ಮಾರ್ಕರ್ ಇರಲ್ಲ. ಈ ಚಾರ್ಟ್ ಮೇಲೆ ಐದು ಜನರದ್ದೂ ಏನಾದರೂ ಇರಬೇಕು, ಅದನ್ನು ನೋಡಿಕೊಳ್ಳೋದು ನಿನ್ನ ಕೆಲಸ’ ಅಂದರು. ಹುಡುಗಿ ಮೊದಲು ಮುಖ ಊದಿಸಿಕೊಂಡಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವಳು ಪಕ್ಕದವನಿಗೆ ನೀಲಿ ಮಾರ್ಕರ್ ಕೊಟ್ಟು, ‘ನೀರು ಬರಿ’ ಅಂದಳು. ಇನ್ನೊಬ್ಬಳಿಗೆ ‘ಮೀನು’ ಅಂದಳು. ಅಪ್ಪಣೆಯೇ, ಆದರೂ ಮಾರ್ಕರ್ ಕೈ ಬಿಟ್ಟಿತ್ತು. ಕೊನೆಗೆ ಒಬ್ಬ ಹುಡುಗ ಉಳಿದ. ಅವನು ಮೂಲೆಯಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದ. ಅವನಿಗೆ ಏನು ಹೇಳಬೇಕೋ ಅವಳಿಗೆ ಗೊತ್ತಾಗಲಿಲ್ಲ. ಸುಮ್ನೆ ಕೇಳಿದಳು: ‘ನಿನಗೆ ಏನು ಬರೆಯೋಕೆ ಇಷ್ಟ?’ ಅವನು ಮೆಲ್ಲಗೆ, ‘ಇರುವೆ’ ಅಂದ. ಕೆರೆ ದಂಡೆಯ ಉದ್ದಕ್ಕೂ ಇರುವೆಗಳ ಸಾಲು ಬರೆದ. ಪ್ರತಿ ಇರುವೆಗೂ ಆರು ಕಾಲು, ಎರಡು ಮೀಸೆ. ಅವನ ಕೈಯಲ್ಲಿ ಅಂಥದ್ದೊಂದು ಇದೆ ಅಂತ ಆ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಾರ್ಟ್ ಗೋಡೆಗೆ ಹಾಕಿದಾಗ ಆ ಹುಡುಗಿ ಬಂದವರಿಗೆಲ್ಲ ಮೊದಲು ತೋರಿಸಿದ್ದು ಇರುವೆಗಳನ್ನೇ.

ಅವಳ ಲೀಡರ್ ಪಟ್ಟವನ್ನು ಯಾರೂ ಕಿತ್ತುಕೊಳ್ಳಲಿಲ್ಲ ಅನ್ನುವುದನ್ನು ಗಮನಿಸಿ. ಪಟ್ಟದ ಜೊತೆ ಬರುವ ಕೆಲಸ ಬದಲಾಯಿತು. ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುವ ಹೊಣೆ ಬಂದ ಮೇಲೆ ಅವಳು ‘ನಿನಗೇನು ಇಷ್ಟ’ ಅಂತ ಕೇಳಲೇಬೇಕಾಯಿತು. ಅದನ್ನು ಯಾರೂ ಉಪದೇಶ ಮಾಡಿ ಕಲಿಸಿರಲಿಲ್ಲ.

ಇದೇ ತತ್ವದ ಮೇಲೆ ಪೂರ್ತಿ ತರಗತಿಯನ್ನೇ ನಡೆಸಿದ ಉದಾಹರಣೆಯೂ ಇದೆ. ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಆಗಷ್ಟೇ ಬೇರೆ ಬೇರೆ ಜನಾಂಗದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದ್ದರು. ತರಗತಿಗಳಲ್ಲಿ ದ್ವೇಷ, ಜಗಳ. 1971ರಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಒಂದು ಉಪಾಯ ಮಾಡಿದರು. ಮಕ್ಕಳನ್ನು ಬೆರೆಸಿ ಪುಟ್ಟ ಗುಂಪು ಮಾಡಿ, ಪಾಠವನ್ನು ತುಂಡುಗಳಾಗಿಸಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಉಳಿದ ಭಾಗ ಗೊತ್ತಾಗಬೇಕಾದರೆ ಪಕ್ಕದವರ ಮಾತು ಕೇಳಲೇಬೇಕು. ತಡವರಿಸುವ ಮಗುವನ್ನು ಅಣಕಿಸಿದರೆ ನಷ್ಟ ತಮಗೇ. ವಾರಗಳು ಕಳೆದಂತೆ ಆ ಮಕ್ಕಳು ಒಬ್ಬರನ್ನೊಬ್ಬರು ಹೆಚ್ಚು ಇಷ್ಟಪಡತೊಡಗಿದರು, ತಮ್ಮ ಬಗ್ಗೆ ಅವರಿಗಿದ್ದ ನಂಬಿಕೆಯೂ ಹೆಚ್ಚಿತು. ಜಿಗ್‌ಸಾ ತರಗತಿ ಅಂತ ಇದು ಇವತ್ತಿಗೂ ಅನೇಕ ಕಡೆ ಬಳಕೆಯಲ್ಲಿದೆ. ಮಗಳ ಟೀಚರ್ ಜೊತೆ ಮಾತಾಡುವಾಗ ಇದನ್ನು ಹೇಳಿ ನೋಡಿ. ಹೆಸರು ಬರೆಸುವ ಬದಲು ಹೊಸದಾಗಿ ಸೇರಿದ ಮಗುವಿಗೆ ಶಾಲೆ ತೋರಿಸುವುದು, ರಜೆ ಹಾಕಿದ ಮಗುವಿಗೆ ಪಾಠ ತಲುಪಿಸುವುದು, ಗುಂಪಿನಲ್ಲಿ ಇನ್ನೂ ಮಾತಾಡದವರನ್ನು ಮಾತಾಡಿಸುವುದು, ಇಂಥ ಕೆಲಸ ಕೊಡಲು ಆಗುತ್ತಾ ಅಂತ ಕೇಳಿ. ಲೀಡರ್ ಕೆಲಸ ವಾರಕ್ಕೊಬ್ಬರಿಗೆ ಹೋಗುತ್ತಿದ್ದರೆ ಇನ್ನೂ ಒಳ್ಳೆಯದು. ಟೀಚರ್ ಮೇಲೆ ದೂರು ಹೊತ್ತುಕೊಂಡು ಹೋಗಬೇಡಿ. ತುಂಬಿದ ತರಗತಿಯನ್ನು ಒಬ್ಬರೇ ಸಂಭಾಳಿಸುವವರಿಗೆ ಆ ಬೋರ್ಡ್ ಒಂದು ಆಸರೆ. ಆಸರೆ ತೆಗೆಯಿರಿ ಅನ್ನುವಾಗ ಬದಲಿಗೆ ಏನಾದರೂ ಕೊಡಬೇಕು ಅಲ್ವಾ?

ಮಾತು ಬಿಟ್ಟ ಗೆಳತಿಯ ವಿಷಯ. ‘ಹೋಗಿ ಸಾರಿ ಕೇಳು’ ಅಂತ ಮಗಳನ್ನು ತಳ್ಳಬೇಡಿ. ಬಲವಂತದ ಸಾರಿಯಿಂದ ಮಕ್ಕಳು ಕಲಿಯುವುದು ಬೇಗ ಸಾರಿ ಹೇಳಿ ತಪ್ಪಿಸಿಕೊಳ್ಳುವುದನ್ನು. ಮೊದಲು ಅವಳ ಮಾತು ಕೇಳಿ. ‘ನಿನ್ನ ಕೆಲಸ ನೀನು ಮಾಡಿದೆ, ಆದರೂ ಅವಳಿಗೆ ನೋವಾಯಿತು. ಎರಡೂ ನಿಜ’ ಅನ್ನಿ. ಈ ಒಂದು ಮಾತು 8 ವರ್ಷದ ಮಗುವಿಗೆ ದೊಡ್ಡದು. ತಾನು ಸರಿ ಇದ್ದಾಗಲೂ ಬೇರೆಯವರಿಗೆ ನೋವಾಗಬಹುದು ಅನ್ನುವುದು ಅವಳಿಗೆ ಹೊಸ ವಿಷಯ. ಆಮೇಲೆ ಕೇಳಿ: ‘ಹೆಸರು ಬರೆದಾಗ ಅವಳ ಮುಖ ಹೇಗಿತ್ತು? ಆಮೇಲೆ ಅವಳಿಗೆ ಏನಾಯಿತು?’ ಅವಳಿಗೆ ನೆನಪಿರುತ್ತೆ. ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಗಮನಿಸಿರುತ್ತಾರೆ, ಯಾರೂ ಕೇಳಿರುವುದಿಲ್ಲ ಅಷ್ಟೇ. ಕೊನೆಗೆ, ‘ಈಗ ನೀನು ಏನು ಮಾಡಬಹುದು ಅನ್ಸುತ್ತೆ?’ ಅಂತ ಕೇಳಿ ಬಿಟ್ಟುಬಿಡಿ. ಉತ್ತರ ಅವತ್ತೇ ಬರಬೇಕಿಲ್ಲ. ಚೀಟಿ ಬರೆಯಬಹುದು, ಆಟಕ್ಕೆ ಕರೆಯಬಹುದು, ಪಕ್ಕದಲ್ಲಿ ಹೋಗಿ ಕೂರಬಹುದು. ದಾರಿ ಅವಳದ್ದೇ ಆಗಿರಲಿ. ಮಕ್ಕಳಲ್ಲಿ ಸಹಾನುಭೂತಿ ಬೆಳೆಯುವ ಬಗೆಯನ್ನು ಜೀವನಪೂರ್ತಿ ಅಧ್ಯಯನ ಮಾಡಿದ ಮಾರ್ಟಿನ್ ಹಾಫ್‌ಮನ್ ಒತ್ತಿ ಹೇಳಿದ್ದೂ ಇದನ್ನೇ. ಹೆದರಿಸುವುದಕ್ಕಿಂತ, ಮುನಿಸಿಕೊಂಡು ಮಾತು ಬಿಡುವುದಕ್ಕಿಂತ, ನೀನು ಮಾಡಿದ್ದರಿಂದ ಅವರಿಗೆ ಏನಾಯಿತು ಅಂತ ತೋರಿಸಿಕೊಡುವುದು ಹೆಚ್ಚು ಕೆಲಸ ಮಾಡುತ್ತದೆ.

ಮನೆಯಲ್ಲಿ ‘ದರ್ಬಾರು ಮಾಡಬೇಡ’ ಅಂತ ದಿನಾ ಹೇಳುತ್ತಿದ್ದರೆ ಅದನ್ನು ನಿಲ್ಲಿಸಿ. ಏನು ಮಾಡಬಾರದು ಅಂತ ಅವಳಿಗೆ ಗೊತ್ತಾಗಿದೆ. ಬದಲಿಗೆ ಏನು ಹೇಳಬೇಕು ಅಂತ ಗೊತ್ತಿಲ್ಲ. ಆ ಮಾತುಗಳನ್ನೇ ಬಾಯಿಗೆ ಕೊಡಿ. ‘ನೀನು ಅಲ್ಲಿ ನಿಲ್ಲು’ ಅನ್ನುವ ಜಾಗದಲ್ಲಿ ‘ನೀನು ಎಲ್ಲಿ ನಿಲ್ತೀಯಾ?’. ‘ಹಾಗಲ್ಲ, ಹೀಗೆ’ ಅನ್ನುವ ಜಾಗದಲ್ಲಿ ‘ನನಗೆ ಒಂದು ಐಡಿಯಾ ಇದೆ, ಹೇಳಲಾ?’. ಗೊಂಬೆಗಳನ್ನು ಇಟ್ಟುಕೊಂಡು ಆಟದಂತೆ ಅಭ್ಯಾಸ ಮಾಡಿಸಬಹುದು. ಅವಳು ಟೀಚರ್ ಆಗಲಿ, ನೀವು ಮಾತು ಕೇಳದ ಹುಡುಗಿಯಾಗಿ. ನಗುತ್ತಾ ಕಲಿತದ್ದು ಮಾರನೇ ದಿನ ಆಟದ ಮೈದಾನದಲ್ಲಿ ನೆನಪಿಗೆ ಬರುತ್ತದೆ.

ಈಗ ಆ ಸ್ಟಾರ್ ಚಾರ್ಟ್. ದಯೆಗಾಗಿ ಹಾಕಿದ್ದಾದರೆ ಅದನ್ನು ತೆಗೆದುಬಿಡಿ ಅನ್ನುವುದು ನನ್ನ ಖಚಿತ ಸಲಹೆ. ಹಲ್ಲುಜ್ಜುವುದಕ್ಕೆ, ಬ್ಯಾಗ್ ಜೋಡಿಸಿಡುವುದಕ್ಕೆ ಸ್ಟಾರ್ ಇದ್ದರೆ ತೊಂದರೆಯಿಲ್ಲ. ದಯೆಯ ಲೆಕ್ಕ ಬೇರೆ. ಸಹಾಯ ಮಾಡುವ ಬಯಕೆ ಮಕ್ಕಳಲ್ಲಿ ನಾವು ಕಲಿಸುವ ಮೊದಲೇ ಇರುತ್ತದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಾಸೆಲ್ಲೊ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ತಿಂಗಳ ಕೂಸುಗಳು ಇದ್ದವು. ಪರಿಚಯವಿಲ್ಲದ ದೊಡ್ಡವರೊಬ್ಬರ ಕೈಯಿಂದ ಬಟ್ಟೆ ಕ್ಲಿಪ್ ಜಾರಿ ಬಿದ್ದು, ಅವರು ಅದಕ್ಕೆ ಕೈ ಚಾಚಿ ಒದ್ದಾಡುತ್ತಿದ್ದರೆ, ಬಹಳಷ್ಟು ಮಕ್ಕಳು ಪುಟ್ಟ ಹೆಜ್ಜೆ ಇಡುತ್ತಾ ಹೋಗಿ ಅದನ್ನು ಎತ್ತಿಕೊಟ್ಟವು. ಯಾರೂ ಕೇಳಿರಲಿಲ್ಲ, ಏನೂ ಕೊಡಲಿಲ್ಲ. 2008ರಲ್ಲಿ ಅವರೇ ಇನ್ನೊಂದು ಹೆಜ್ಜೆ ಮುಂದೆ ಹೋದರು. 20 ತಿಂಗಳ ಮಕ್ಕಳಲ್ಲಿ ಕೆಲವರಿಗೆ ಸಹಾಯ ಮಾಡಿದಾಗಲೆಲ್ಲ ಬಹುಮಾನ ಕೊಟ್ಟರು. ಆಮೇಲೆ ಬಹುಮಾನ ನಿಲ್ಲಿಸಿದಾಗ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದವು. ಅವು ತೀರಾ ಚಿಕ್ಕ ಮಕ್ಕಳು, ನಿಮ್ಮವರು ದೊಡ್ಡವರು, ನಿಜ. ಆದರೆ ಸ್ಟಾರ್ ಚಾರ್ಟ್ ಇರುವ ತರಗತಿಗಳಲ್ಲಿ ನಾನು ಇದನ್ನೇ ಕಂಡಿದ್ದೇನೆ. ಬಿದ್ದ ಗೆಳೆಯನನ್ನು ಎಬ್ಬಿಸುವ ಮೊದಲು ಮಗು ಒಮ್ಮೆ ತಿರುಗಿ ನೋಡುತ್ತೆ, ಟೀಚರ್ ನೋಡುತ್ತಿದ್ದಾರಾ ಅಂತ. ಆ ತಿರುಗಿ ನೋಡುವುದು ನನಗೆ ತುಂಬಾ ಸಂಕಟ ಕೊಡುತ್ತದೆ.

ಚಾರ್ಟ್ ತೆಗೆಯುವಾಗ ಶಿಕ್ಷೆಯಂತೆ ತೆಗೆಯಬೇಡಿ. ಇರುವ ಸ್ಟಾರ್‌ಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಿ, ‘ಇನ್ಮುಂದೆ ಇದು ಬೇಡ, ನೀವಿಬ್ಬರೂ ಇದಿಲ್ಲದೇ ಮಾಡಬಲ್ಲಿರಿ’ ಅನ್ನಿ. ಸ್ಟಾರ್ ಜಾಗದಲ್ಲಿ ಏನು? ನೀವು ಕಂಡದ್ದನ್ನು ಕಂಡಂತೆ ಹೇಳಿ, ಸಾಕು. ‘ನೀನು ಪೆನ್ಸಿಲ್ ಕೊಟ್ಟೆ. ಅವನು ಅಳು ನಿಲ್ಲಿಸಿ ಬರೆಯೋಕೆ ಶುರು ಮಾಡಿದ.’ ಇದರಲ್ಲಿ ಹೊಗಳಿಕೆಯೂ ಇಲ್ಲ, ಲೆಕ್ಕವೂ ಇಲ್ಲ. ತನ್ನ ಒಂದು ಕೆಲಸದಿಂದ ಇನ್ನೊಬ್ಬರ ದಿನ ಬದಲಾಯಿತು ಅನ್ನುವುದು ಮಗುವಿಗೆ ಕಾಣಿಸುತ್ತದೆ. ‘ಎಷ್ಟು ಒಳ್ಳೆ ಹುಡುಗಿ!’ ಅನ್ನುವುದು ಆಗಾಗ ಬಾಯಿಂದ ಬಂದೇ ಬರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದೊಂದೇ ಆಗದಿದ್ದರೆ ಸರಿ.

ದಯೆ ಕಲಿತರೆ ಮಗಳು ಹಿಂದೆ ಬೀಳುತ್ತಾಳಾ ಅನ್ನುವ ನಿಮ್ಮ ಭಯಕ್ಕೆ ಒಂದು ಸಮಾಧಾನ ಹೇಳಬಲ್ಲೆ. ಕೆನಡಾದ ವ್ಯಾಂಕೂವರ್‌ನ ಶಾಲೆಗಳಲ್ಲಿ 9ರಿಂದ 11 ವರ್ಷದ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳು 4 ವಾರಗಳ ಕಾಲ ವಾರಕ್ಕೆ ಮೂರು ಸಲ ಯಾರಿಗಾದರೂ ಒಳ್ಳೆಯದು ಮಾಡಬೇಕಿತ್ತು. ಇನ್ನೊಂದು ಗುಂಪಿನವರು ವಾರಕ್ಕೆ ಮೂರು ಜಾಗಗಳಿಗೆ ಹೋಗಿ ಬರಬೇಕಿತ್ತು. ಕ್ರಿಸ್ಟಿನ್ ಲೇಯಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಕಾರ ಎರಡೂ ಗುಂಪಿನ ಮಕ್ಕಳು ಮೊದಲಿಗಿಂತ ಖುಷಿಯಾಗಿದ್ದರು. ಆದರೆ ಯಾರ ಜೊತೆ ಸೇರಿ ಕೆಲಸ ಮಾಡಲು ಇಷ್ಟ ಅಂತ ಸಹಪಾಠಿಗಳನ್ನು ಕೇಳಿದಾಗ, ಒಳ್ಳೆಯದು ಮಾಡಿದ ಗುಂಪಿನ ಮಕ್ಕಳ ಹೆಸರುಗಳು ಇನ್ನೊಂದು ಗುಂಪಿಗಿಂತ ಹೆಚ್ಚು ಏರಿದ್ದವು. ಜನ ಹಿಂದೆ ಬರದಿದ್ದರೆ ನಾಯಕತ್ವ ಎಲ್ಲಿಂದ ಬರುತ್ತೆ ಹೇಳಿ? ನಿಮ್ಮ ಮಗಳು ಈಗ ಕಳೆದುಕೊಳ್ಳುತ್ತಿರುವುದು ಇದನ್ನೇ, ದಯೆಯಿಂದ ಮರಳಿ ಸಿಗುವುದೂ ಇದೇ.

ಉಪದೇಶದ ಬಗ್ಗೆ ಒಂದೇ ಮಾತು. 1970ರಲ್ಲಿ ಜೇಮ್ಸ್ ಬ್ರಯಾನ್ ಮತ್ತು ನ್ಯಾನ್ಸಿ ವಾಲ್‌ಬೆಕ್ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಎರಡು ಬಗೆಯ ಮಾದರಿ ತೋರಿಸಿದರು. ಮಾದರಿಯಾಗಿ ನಿಂತವರಲ್ಲಿ ಕೆಲವರು ಹಂಚಿಕೊಳ್ಳಬೇಕು ಅಂತ ಬಾಯಲ್ಲಿ ಹೇಳಿ ತಾವು ಕೊಡಲಿಲ್ಲ, ಕೆಲವರು ಕೊಟ್ಟರು. ತಾವು ಕೊಡುವ ಹೊತ್ತಿಗೆ ಮಕ್ಕಳು ಅನುಸರಿಸಿದ್ದು ಆ ಮಾದರಿಯ ಕೈಯನ್ನು, ಬಾಯನ್ನಲ್ಲ. ನಿಮ್ಮ ಮಕ್ಕಳು ನೋಡುವುದೂ ನೀವು ಅವಸರದಲ್ಲಿದ್ದಾಗ ನಿಮಗಾಗಿ ಕೆಲಸ ಮಾಡುವವರ ಜೊತೆ ಹೇಗೆ ಮಾತಾಡುತ್ತೀರಿ, ಮಕ್ಕಳ ಮೇಲೆ ಸುಮ್ನೆ ರೇಗಿದ ಮೇಲೆ ಬಂದು ‘ನಾನು ಹಾಗೆ ಕೂಗಬಾರದಿತ್ತು’ ಅನ್ನುತ್ತೀರಾ ಅನ್ನುವುದನ್ನು.

ಇನ್ನು ಮಗ. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಅವನ ಸಾಲು. ದರ್ಬಾರು ಮಾಡುವ ಮಗು ಎಲ್ಲರ ಕಣ್ಣಿಗೆ ಬೀಳುತ್ತೆ. ತಲೆಯಾಡಿಸುವ ಮಗುವನ್ನು ಒಳ್ಳೆಯ ಮಗು ಅಂತ ಬಿಟ್ಟುಬಿಡುತ್ತೇವೆ. ಅವನು ಕೊಡುವುದು ದಯೆಯಿಂದಲೋ ಭಯದಿಂದಲೋ ಅಂತ ನೋಡಬೇಕು. ಗೊತ್ತು ಮಾಡಿಕೊಳ್ಳುವುದು ಕಷ್ಟವಲ್ಲ. ಮನಸಾರೆ ಕೊಟ್ಟ ಮಗು ಕೊಟ್ಟ ಮೇಲೆ ಹಗುರಾಗಿ ಆಡಲು ಹೋಗುತ್ತೆ. ಹೆದರಿ ಕೊಟ್ಟ ಮಗು ಆಮೇಲೆ ಒಬ್ಬನೇ ಕೂರುತ್ತೆ, ನಿಮ್ಮ ಮಗನಂತೆ. ಬೇಡ ಅಂದರೆ ತನ್ನನ್ನು ಬಿಟ್ಟುಬಿಡುತ್ತಾರೆ ಅನ್ನುವ ಅಂಜಿಕೆ ಅವನಲ್ಲಿ ಇದೆ ಅಂತ ನನ್ನ ಊಹೆ. ‘ಗಟ್ಟಿಯಾಗಿರು’ ಅಂದರೆ ಆ ಅಂಜಿಕೆ ಹೋಗುವುದಿಲ್ಲ. ಇಲ್ಲ ಅಂದರೂ ಪ್ರೀತಿ ಉಳಿಯುತ್ತೆ ಅಂತ ಅವನಿಗೆ ಅನುಭವವಾಗಬೇಕು, ಅದಕ್ಕೆ ಅತ್ಯಂತ ಸುರಕ್ಷಿತ ಜಾಗ ಮನೆ. ಅವನು ನಿಮಗೆ ‘ಈಗ ಬೇಡ ಅಮ್ಮಾ’ ಅಂದಾಗ ಸಿಡುಕಬೇಡಿ. ‘ಸರಿ, ಯಾವಾಗ ಮಾಡ್ತೀಯಾ?’ ಅಂತ ಕೇಳಿ. ತಂಗಿ ಅವನ ವಸ್ತು ಕೇಳಿದಾಗ ‘ಕೊಡೋ, ನೀನು ದೊಡ್ಡವನಲ್ವಾ’ ಅನ್ನುವುದನ್ನು ಇವತ್ತಿನಿಂದಲೇ ಬಿಡಿ. ಆ ಮಾತಿನಿಂದ ಇಬ್ಬರೂ ತಪ್ಪು ಪಾಠ ಕಲಿಯುತ್ತಾರೆ.

ಅವನಿಗೂ ಬಾಯಿಗೆ ಮಾತು ಬೇಕು. ‘ನಾನು ಮುಗಿಸಿದ ಮೇಲೆ ಕೊಡ್ತೀನಿ.’ ‘ಇದು ನನಗೆ ಬೇಕು, ಅದನ್ನು ತಗೋ.’ ‘ಹಾಗೆ ಮಾಡಿದರೆ ನನಗೆ ಇಷ್ಟ ಆಗಲ್ಲ.’ ಕನ್ನಡಿ ಮುಂದೆ ಬೇಡ, ನಾಟಕದಂತೆ ಅನ್ನಿಸುತ್ತದೆ. ನಡೆಯುತ್ತಾ ಹೋಗುವಾಗ, ಹೋಂವರ್ಕ್ ನಡುವೆ, ಮಾತಿನ ಓಟದಲ್ಲೇ ಬರಲಿ.

ಅವನಲ್ಲಿ ನಾಯಕತ್ವ ಇಲ್ಲ ಅಂದುಕೊಳ್ಳಬೇಡಿ. ಗಮನಿಸುವ ಮಗು ಅವನು. ಯಾರು ಹೊರಗೆ ಉಳಿದಿದ್ದಾರೆ ಅಂತ ಅಂಥವರಿಗೆ ಬೇಗ ಗೊತ್ತಾಗುತ್ತದೆ. ಕೆನಡಾದ ಶಾಲಾ ಮೈದಾನಗಳಲ್ಲಿ ಒಬ್ಬ ಮಗುವನ್ನು ಇನ್ನೊಬ್ಬರು ಪೀಡಿಸುವ ಗಳಿಗೆಗಳನ್ನು ಚಿತ್ರೀಕರಿಸಿ ನೋಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಅಂಥ ಘಟನೆಗಳಲ್ಲಿ ಶೇ 88ರಷ್ಟು ಕಡೆ ಬೇರೆ ಮಕ್ಕಳು ಅಲ್ಲೇ ಇದ್ದರು. ಮಧ್ಯೆ ಬಂದದ್ದು ಶೇ 19ರಷ್ಟು ಕಡೆ ಮಾತ್ರ. ಮಧ್ಯೆ ಬಂದಾಗ ಮಾತ್ರ ಅರ್ಧಕ್ಕಿಂತ ಹೆಚ್ಚು ಸಲ, ಶೇ 57ರಷ್ಟು ಸಲ, 10 ಸೆಕೆಂಡಿನೊಳಗೆ ಪೀಡನೆ ನಿಂತಿತು. ಒಂದು ಮಗುವಿನ ಮಾತಿಗೆ ಅಷ್ಟು ಬಲ ಇದೆ. ಫಿನ್‌ಲ್ಯಾಂಡ್‌ನಲ್ಲಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು ರೂಪಿಸಿದ ಕಿವಾ ಎಂಬ ಕಾರ್ಯಕ್ರಮ ನಿಂತಿರುವುದೂ ಇದರ ಮೇಲೆಯೇ. ಪೀಡಿಸುವವರನ್ನು, ಪೀಡನೆಗೆ ಒಳಗಾದವರನ್ನು ಮಾತ್ರ ನೋಡದೆ ಸುತ್ತ ನಿಂತು ನೋಡುವ ಮಕ್ಕಳಿಗೆ ಅದು ತರಬೇತಿ ಕೊಡುತ್ತದೆ.

ಹಾಗಂತ ಮಗನಿಗೆ ಹೋಗಿ ಎದುರು ನಿಲ್ಲು ಅನ್ನಬೇಡಿ. ಅದು ಅವನಿಗೆ ಅಪಾಯವೂ ಆಗಬಹುದು. ನೋವಾದ ಮಗುವಿನ ಪಕ್ಕ ಹೋಗಿ ನಿಲ್ಲುವುದು, ‘ಬಾ, ಆ ಕಡೆ ಆಡೋಣ’ ಅಂತ ಕರೆದುಕೊಂಡು ಹೋಗುವುದು, ದೊಡ್ಡವರಿಗೆ ತಿಳಿಸುವುದು, ಇಷ್ಟರಲ್ಲಿ ಯಾವುದು ಸಾಧ್ಯವೋ ಅದು ಸಾಕು. ‘ಚಾಡಿ ಹೇಳಿದಂತೆ ಆಗಲ್ವಾ?’ ಅಂತ ಅವನು ಕೇಳಿಯೇ ಕೇಳುತ್ತಾನೆ. ಯಾರನ್ನಾದರೂ ಸಿಕ್ಕಿಸಲು ಹೇಳಿದರೆ ಅದು ಚಾಡಿ, ಯಾರನ್ನಾದರೂ ಕಷ್ಟದಿಂದ ಬಿಡಿಸಲು ಹೇಳಿದರೆ ಅದು ಸಹಾಯ ಅನ್ನಿ. ಹೇಳುವಾಗ ಮಗಳೂ ಪಕ್ಕದಲ್ಲಿ ಇರಲಿ. ಬೋರ್ಡ್ ಮುಂದೆ ಚಾಕ್‌ಪೀಸ್ ಹಿಡಿದು ನಿಲ್ಲುವವಳಿಗೆ ಇದು ಅಣ್ಣನಿಗಿಂತ ಹೆಚ್ಚು ಬೇಕು.

ಇಬ್ಬರಿಗೂ ಸೇರಿ ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ. ವಾರದಲ್ಲಿ ಒಂದು ಸಂಜೆಯನ್ನು ಪೂರ್ತಿ ಮಕ್ಕಳಿಗೆ ಬಿಟ್ಟುಕೊಡಿ. ಏನು ಆಡಬೇಕು, ಎಲ್ಲಿಗೆ ಹೋಗಬೇಕು, ಯಾರು ಯಾವ ಕೆಲಸ ಮಾಡಬೇಕು ಅಂತ ಅವರೇ ತೀರ್ಮಾನಿಸಲಿ. ಒಂದು ವಾರ ಅವಳು ಮುಂದಾಳು, ಇನ್ನೊಂದು ವಾರ ಅವನು. ನೀವೂ ಆ ಸಂಜೆ ಅವರ ಮಾತು ಕೇಳಬೇಕು. ಅಣ್ಣನ ಸರದಿ ಬಂದಾಗ ಮಗಳಿಗೆ ಬಾಯಿ ಕಟ್ಟಿಕೊಂಡಿರುವುದು ಕಷ್ಟ, ಮಗಳ ಕಡೆ ನೋಡದೆ ತೀರ್ಮಾನ ಮಾಡುವುದು ಅಣ್ಣನಿಗೆ ಕಷ್ಟ. ಎರಡೂ ಕಷ್ಟಗಳು ಒಳ್ಳೆಯವೇ. ಪ್ಲಾನ್ ಕೆಟ್ಟರೆ ಕೆಡಲಿ, ನೀವು ಕೈ ಹಾಕಿ ಸರಿ ಮಾಡಬೇಡಿ. ಸಂಜೆ ಮುಗಿದ ಮೇಲೆ ಆ ವಾರದ ಮುಂದಾಳಿಗೆ ಒಂದು ಪ್ರಶ್ನೆ ಕೇಳಿ: ‘ಇವತ್ತು ಯಾರ ಮಾತು ಕೇಳಿಸಲಿಲ್ಲ?’ ಮೊದಲ ವಾರ ‘ಯಾರದ್ದೂ ಇಲ್ಲ’ ಅನ್ನುತ್ತಾರೆ. ಮೂರ್ನಾಲ್ಕು ವಾರದ ಹೊತ್ತಿಗೆ ಹೆಸರು ಬರತೊಡಗುತ್ತದೆ. ಸಂಜೆ ಪೂರ್ತಿ ಸುಮ್ನೆ ಇದ್ದವರು ನೀವೇ ಆಗಿದ್ದರೆ ನಿಮ್ಮ ಹೆಸರೂ ಬರಬಹುದು.

ಬದಲಾವಣೆ ಎಷ್ಟು ದಿನದಲ್ಲಿ ಕಾಣುತ್ತೆ ಅಂತ ಕೇಳಬೇಡಿ, ಒಂದೊಂದು ಮಗುವಿಗೆ ಒಂದೊಂದು ಲೆಕ್ಕ. ಮಧ್ಯೆ ಕೆಟ್ಟ ದಿನಗಳು ಬರುತ್ತವೆ, ಮಗಳು ಮತ್ತೆ ಅಪ್ಪಣೆ ಕೊಡುತ್ತಾಳೆ, ಮಗ ಮತ್ತೆ ಕೊಟ್ಟುಬಂದು ಕೂರುತ್ತಾನೆ. ಅಷ್ಟಕ್ಕೇ ಗಾಬರಿಯಾಗಬೇಡಿ. ಕೆಲವು ವಿಷಯಗಳನ್ನು ಮಾತ್ರ ತಳ್ಳಿಹಾಕಬೇಡಿ. ಮಗ ಶಾಲೆಗೆ ಹೊರಡುವ ಹೊತ್ತಿಗೆ ಪದೇ ಪದೇ ಹೊಟ್ಟೆನೋವು ಅನ್ನುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ವಸ್ತುಗಳು ಮತ್ತೆ ಮತ್ತೆ ಕಳೆದುಹೋಗುತ್ತಿದ್ದರೆ, ಅವನು ಕೊಡುತ್ತಿಲ್ಲ, ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಅಂತ ಇರಬಹುದು. ಆಗ ಮೊದಲು ಟೀಚರ್ ಜೊತೆ ಮಾತಾಡಿ. ಹೊಟ್ಟೆನೋವು ಹೋಗದಿದ್ದರೆ ವೈದ್ಯರಿಗೂ ತೋರಿಸಿ. ಮಗಳು ಇನ್ನೊಬ್ಬರ ನೋವನ್ನು ಕಂಡು ಖುಷಿಪಡುತ್ತಿದ್ದರೆ, ಬೇಕೆಂದೇ ನೋಯಿಸುವುದು ತಿಂಗಳುಗಟ್ಟಲೆ ನಡೆಯುತ್ತಿದ್ದರೆ, ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ. ನೀವು ಬರೆದದ್ದನ್ನು ಓದಿದರೆ ನನಗೆ ಅಂಥದ್ದೇನೂ ಕಾಣಲಿಲ್ಲ. ಮಗಳ ಟೀಚರ್ ಅನ್ನು ಈ ವಾರವೇ ಭೇಟಿಯಾಗಿ. ಗೆಳತಿಯ ವಿಷಯವನ್ನು ಮಾತ್ರ ಅಲ್ಲಿ ಎತ್ತಬೇಡಿ, ಅದನ್ನು ಮಗಳಿಗೇ ಬಿಡಿ.